ಮೋರ್ತೊ ಮತ್ತು ಮೃತ್ಯು: ಎಸ್ಪೆರಾಂಟೊದ ಸಾವಿನ ಪದ ಎಲ್ಲಿಂದ ಬಂತು

ಎಸ್ಪೆರಾಂಟೊ ಭಾಷೆಯಲ್ಲಿ ಸಾವಿಗೆ ‘ಮೋರ್ತೊ’ ಎನ್ನುತ್ತಾರೆ. ಸಾಯುವುದಕ್ಕೆ ‘ಮೋರ್ತಿ’. ಆ ಭಾಷೆಯ ಒಂದಕ್ಷರವೂ ಗೊತ್ತಿಲ್ಲದ ಕನ್ನಡಿಗರಿಗೂ ಈ ಪದ ಪೂರ್ತಿ ಹೊಸದು ಅನ್ನಿಸುವುದಿಲ್ಲ. ಆಸ್ಪತ್ರೆಯ ಮಾರ್ಚುರಿ, ಪೊಲೀಸರ ಪೋಸ್ಟ್‌ಮಾರ್ಟಂ, ಪತ್ರಿಕೆಯ ಅಪಘಾತದ ಸುದ್ದಿಯಲ್ಲಿ ಬರುವ ‘ಮೃತರು’, ಕಾಯಿಲೆ ಬಿದ್ದವರಿಗಾಗಿ ಮಾಡಿಸುವ ಮೃತ್ಯುಂಜಯ ಹೋಮ, ಎಲ್ಲದರಲ್ಲೂ ಮ, ರ, ತ ಇದೇ ಸಾಲಿನಲ್ಲಿ ನಿಂತಿವೆ. ಈ ಹೋಲಿಕೆ ಆಕಸ್ಮಿಕವಾದದ್ದಲ್ಲ. ಮೋರ್ತೊ ಮತ್ತು ಮೃತ್ಯು ನಿಜವಾಗಿಯೂ ಒಂದೇ ಮನೆತನದ ಪದಗಳು.

ಇಲ್ಲೊಂದು ಸಹಜವಾದ ಅನುಮಾನ ಏಳುತ್ತದೆ. ಎಸ್ಪೆರಾಂಟೊ ಒಬ್ಬ ಮನುಷ್ಯ ಕೂತು ಕಟ್ಟಿದ ಭಾಷೆ. ಕಟ್ಟಿದ ಭಾಷೆಯ ಪದಕ್ಕೆ ವ್ಯುತ್ಪತ್ತಿ ಎಲ್ಲಿಂದ ಬರಬೇಕು? 1887ರಲ್ಲಿ ಒಬ್ಬರು ಹೀಗೆಂದು ತೀರ್ಮಾನಿಸಿದರು ಎಂದರೆ ಮುಗಿಯಲಿಲ್ಲವೇ? ಮುಗಿಯುವುದಿಲ್ಲ. ಎಸ್ಪೆರಾಂಟೊವನ್ನು ‘ಕೃತಕ ಭಾಷೆ’ ಎಂದು ಕರೆದು ಸುಮ್ಮನಾಗುವವರು ಅದರ ನಿಘಂಟನ್ನು ಒಮ್ಮೆ ತೆರೆದು ನೋಡಬೇಕು. ಅದರ ಕರ್ತೃ ಪದಗಳನ್ನು ಸೃಷ್ಟಿಸಿದ್ದು ತೀರಾ ಕಡಿಮೆ. ಆತ ಆರಿಸಿದರು, ಕತ್ತರಿಸಿದರು, ಅಂಚು ತಿದ್ದಿದರು. ಆರಿಸಿದ ಪದಗಳಿಗಂತೂ ಸಾವಿರಾರು ವರ್ಷಗಳ ಬಾಳು ಇತ್ತು. ಸಾವಿಗೆ ಸಂಬಂಧಿಸಿದ ಪದಗಳಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಲುಡ್ವಿಕ್ ಲೇಜರ್ ಜಾಮೆನ್‌ಹಾಫ್ ಹುಟ್ಟಿದ್ದು 1859ರ ಡಿಸೆಂಬರ್ 15ರಂದು, ಬಿಯಾಲಿಸ್ಟಾಕ್ ಎಂಬ ಊರಿನಲ್ಲಿ. ಊರು ಆಗ ರಷ್ಯಾ ಸಾಮ್ರಾಜ್ಯದಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಯಹೂದಿಗಳು ಯಿಡ್ಡಿಶ್ ಆಡುತ್ತಿದ್ದರು, ಉಳಿದವರು ಪೋಲಿಷ್, ರಷ್ಯನ್, ಜರ್ಮನ್, ಬೆಲರೂಸಿ. ಒಬ್ಬರಿಗೊಬ್ಬರು ಅಪನಂಬಿಕೆಯಲ್ಲಿ ಬದುಕುತ್ತಿದ್ದ ಊರು. ಎಲ್ಲರಿಗೂ ಸಮಾನವಾಗಿ ಸೇರಿದ ಎರಡನೆಯ ಭಾಷೆಯೊಂದಿದ್ದರೆ ಈ ಹಗೆ ಕರಗೀತು ಎಂದು ಆ ಯಹೂದಿ ಹುಡುಗ ನಂಬಿದ. ಮುಂದೆ ಕಣ್ಣಿನ ವೈದ್ಯರಾದ ಮೇಲೂ ಆ ನಂಬಿಕೆ ಬಿಡಲಿಲ್ಲ. 1887ರಲ್ಲಿ ವಾರ್ಸಾದಲ್ಲಿ ‘ಡಾಕ್ಟರ್ ಎಸ್ಪೆರಾಂಟೊ’ ಎಂಬ ಗುಪ್ತನಾಮದಲ್ಲಿ ಸಣ್ಣ ಪುಸ್ತಕವೊಂದನ್ನು ಪ್ರಕಟಿಸಿದರು. ಕರ್ತೃವಿನ ಗುಪ್ತನಾಮವೇ ಕ್ರಮೇಣ ಭಾಷೆಯ ಹೆಸರಾಯಿತು. (ನಾವು ರೂಢಿಯಂತೆ ‘ಎಸ್ಪೆರಾಂಟೊ’ ಎಂದು ಬರೆಯುತ್ತೇವೆ. ಆಡುವವರ ಬಾಯಲ್ಲಿ ಆ ‘ಟ’ ನಮ್ಮ ‘ತ’ಕ್ಕೆ ಹತ್ತಿರ. ಹಾಗಾಗಿ ಆ ಭಾಷೆಯ ಪದಗಳನ್ನು ಇಲ್ಲಿ ‘ತ’ ಹಾಕಿಯೇ ಬರೆದಿದ್ದೇನೆ.)

ಜಾಮೆನ್‌ಹಾಫ್‌ಗಿಂತ ಕೆಲವೇ ವರ್ಷ ಮೊದಲು ಜರ್ಮನಿಯ ಪಾದ್ರಿ ಯೋಹಾನ್ ಮಾರ್ಟಿನ್ ಶ್ಲೇಯರ್ ‘ವೊಲಪೂಕ್’ ಎಂಬ ಭಾಷೆ ಕಟ್ಟಿದ್ದರು. ಅವರೂ ಪದಗಳನ್ನು ಇದ್ದ ಭಾಷೆಗಳಿಂದಲೇ ತೆಗೆದುಕೊಂಡರು. ಆದರೆ ಎಷ್ಟು ಕತ್ತರಿಸಿದರೆಂದರೆ ಇಂಗ್ಲಿಷಿನ ‘ವರ್ಲ್ಡ್’ ಹೋಗಿ ‘ವೊಲ್’ ಆಯಿತು, ‘ಸ್ಪೀಕ್’ ಹೋಗಿ ‘ಪೂಕ್’ ಆಯಿತು. ಹೆತ್ತವರಿಗೇ ಮಗುವಿನ ಗುರುತು ಸಿಗದ ಹಾಗೆ. ಜಾಮೆನ್‌ಹಾಫ್ ಬೇರೆ ದಾರಿ ಹಿಡಿದರು. ಹೆಚ್ಚು ಭಾಷೆಗಳಲ್ಲಿ ಇರುವ ಧಾತು, ಹೆಚ್ಚು ಜನಕ್ಕೆ ಕೇಳಿದೊಡನೆ ಗುರುತು ಸಿಗುವ ಆಕಾರ: ಅವರು ಮತ್ತೆ ಮತ್ತೆ ಹುಡುಕಿದ್ದು ಇದನ್ನು.

1894ರಲ್ಲಿ ಅವರು ‘ಉನಿವೆರ್ಸಾಲಾ ವೊರ್ತಾರೊ’ ಎಂಬ ನಿಘಂಟು ಹೊರತಂದರು. 1905ರಲ್ಲಿ ಇದು ಭಾಷೆಯ ಬದಲಾಗದ ಅಡಿಪಾಯವೆಂದು ಒಪ್ಪಿತವಾದ ಗ್ರಂಥದ ಭಾಗವಾಯಿತು. ಅದರಲ್ಲಿ ಪ್ರತಿ ಧಾತುವಿನ ಮುಂದೆ ಐದು ಭಾಷೆಗಳ ಅರ್ಥ ಇದೆ: ಫ್ರೆಂಚ್, ಇಂಗ್ಲಿಷ್, ಜರ್ಮನ್, ರಷ್ಯನ್, ಪೋಲಿಷ್. ‘ಮೋರ್ತ್’ ಧಾತುವಿನ ಸಾಲನ್ನು ಓದಿ ನೋಡಿ. ಫ್ರೆಂಚಿನಲ್ಲಿ ‘ಮೂರಿರ್’, ಇಂಗ್ಲಿಷಿನಲ್ಲಿ ‘ಡೈ’, ಜರ್ಮನ್‌ನಲ್ಲಿ ‘ಷ್ಟೆರ್ಬೆನ್’, ರಷ್ಯನ್‌ನಲ್ಲಿ ‘ಉಮಿರಾತ್’, ಪೋಲಿಷ್‌ನಲ್ಲಿ ‘ಉಮ್ಯೆರಾಚ್’. ಐದರಲ್ಲಿ ಮೂರು ಭಾಷೆಗಳಲ್ಲಿ ‘ಮ-ರ’ ಇದೆ. ಇಲ್ಲದ ಎರಡು ಭಾಷೆಗಳೂ ಆ ಸದ್ದಿಗೆ ಅಪರಿಚಿತವಲ್ಲ. ಇಂಗ್ಲಿಷಿನವರಿಗೆ ‘ಮಾರ್ಟಲ್’ ಗೊತ್ತು, ಜರ್ಮನ್ನರಿಗೆ ಕೊಲೆ ಎಂಬರ್ಥದ ‘ಮೋರ್ಡ್’ ಗೊತ್ತು. ಆಯ್ಕೆ ಎಷ್ಟು ಲೆಕ್ಕ ಹಾಕಿ ಮಾಡಿದ್ದು ಎಂಬುದು ಈ ಒಂದು ಸಾಲಿನಲ್ಲೇ ತಿಳಿಯುತ್ತದೆ.

ಧಾತುವೇನೋ ಸಿಕ್ಕಿತು, ಆಕಾರ ಯಾವುದು? ಲ್ಯಾಟಿನ್ನಿನಲ್ಲಿ ಸಾಯು ಎಂಬ ಕ್ರಿಯಾಪದ ‘ಮೋರಿ’, ಅಲ್ಲಿ ‘ತ’ ಇಲ್ಲ. ಸಾವು ಎಂಬ ನಾಮಪದ ‘ಮೋರ್ಸ್’, ವಿಭಕ್ತಿ ಪ್ರತ್ಯಯ ಹತ್ತಿದಾಗ ‘ಮೋರ್ತಿಸ್’, ‘ಮೋರ್ತೆಮ್’. ಪೋಸ್ಟ್‌ಮಾರ್ಟಂ ಎಂಬಲ್ಲಿರುವುದು ಈ ‘ಮೋರ್ತೆಮ್’. ಸಾವಿನ ನಂತರ ಎಂದು ಅದರ ಅರ್ಥ. ಇಟಾಲಿಯನ್ ‘ಮೋರ್ತೆ’, ಸ್ಪ್ಯಾನಿಷ್ ‘ಮ್ವೆರ್ತೆ’, ಫ್ರೆಂಚರು ‘ತ’ವನ್ನು ಬರೆದು ಉಚ್ಚರಿಸದೆ ಬಿಡುವ ‘ಮೋರ್’, ಇವೆಲ್ಲ ಅಲ್ಲಿಂದಲೇ ಇಳಿದವು. ಜಾಮೆನ್‌ಹಾಫ್ ಕ್ರಿಯಾಪದದ ‘ಮೋರ್’ ಬಿಟ್ಟು ನಾಮಪದದ ‘ಮೋರ್ತ್’ ತೆಗೆದುಕೊಂಡರು. ಕಾರಣ ಊಹಿಸುವುದು ಕಷ್ಟವಲ್ಲ. ಎಸ್ಪೆರಾಂಟೊದಲ್ಲಿ ‘ಮೋರೊ’ ಎಂದರೆ ಜನರ ರೂಢಿ, ಆಚಾರ. ಸಾವಿಗೂ ಆಚಾರಕ್ಕೂ ಒಂದೇ ಪದವಾದರೆ ಭಾಷೆ ಕಲಿಯುವವರು ಒದ್ದಾಡಬೇಕಾಗುತ್ತಿತ್ತು. ಅದೂ ಅಲ್ಲದೆ ‘ತ’ ಇರುವ ರೂಪವೇ ಹೆಚ್ಚು ಕಿವಿಗಳಿಗೆ ಪರಿಚಿತ. ರಷ್ಯನ್ನರ ‘ಸ್ಮೆರ್ತ್’, ಲಿಥುವೇನಿಯನ್ನರ ‘ಮಿರ್ತಿಸ್’ ಎರಡರಲ್ಲೂ ಅದು ಇದೆ. ಆ ರಷ್ಯನ್ ಪದದ ಮೊದಲ ‘ಸ್’ ನಮ್ಮ ‘ಸು’ ಉಪಸರ್ಗದ ಬಂಧು ಎಂಬುದು ಸ್ಲಾವಿಕ್ ಭಾಷೆಗಳನ್ನು ಓದಿದವರ ವಿವರಣೆ. ಒಳ್ಳೆಯ ಸಾವು, ಅಂದರೆ ಕೊಲೆಯೋ ಅವಘಡವೋ ಆಗದೆ ತಾನಾಗಿ ಬಂದ ಸಾವು. ಆ ‘ಸು’ ಸವೆದು ಒಂದು ವ್ಯಂಜನವಾಗಿ ಉಳಿದಿದೆ.

ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್, ಸಂಸ್ಕೃತ, ಪರ್ಷಿಯನ್, ರಷ್ಯನ್, ಇಂಗ್ಲಿಷ್ ಎಲ್ಲಕ್ಕೂ ತಾಯಿಯಾದ, ಬರಹವಿಲ್ಲದ ಕಾಲದ ಭಾಷೆಯೊಂದು ಎದುರಾಗುತ್ತದೆ. ವಿದ್ವಾಂಸರು ಅದನ್ನು ಮೂಲ ಇಂಡೋ-ಯುರೋಪಿಯನ್ ಎನ್ನುತ್ತಾರೆ. ಮಕ್ಕಳ ಭಾಷೆಗಳನ್ನು ಪಕ್ಕಪಕ್ಕ ಇಟ್ಟು ಪುನಾರಚಿಸಿದ ಅದರ ಧಾತು ‘ಮೆರ್’. ಇದರ ಅತಿ ಹಳೆಯ ಅರ್ಥದ ಬಗ್ಗೆ ಹಿಟ್ಟೈಟ್ ಭಾಷೆ ಒಂದು ಸುಳಿವು ಕೊಡುತ್ತದೆ. ಇಂದಿನ ತುರ್ಕಿಯ ನೆಲದಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ ಮಣ್ಣಿನ ಹಲಗೆಗಳ ಮೇಲೆ ಬರೆಯುತ್ತಿದ್ದ ಆ ಭಾಷೆಯಲ್ಲಿ ‘ಮೆರ್’ ಎಂದರೆ ಕಾಣೆಯಾಗು. ಸಾಯು ಎಂಬುದಕ್ಕೆ ಅಲ್ಲಿ ಬೇರೆ ಪದವಿತ್ತು. ಹಾಗಾದರೆ ಮೃತ್ಯು, ಮೋರ್ತೊ, ಮರ್ಡರ್ ಇವೆಲ್ಲದರ ತಳದಲ್ಲಿ ‘ಇನ್ನಿಲ್ಲವಾದರು’ ಎಂಬಂಥ ಮೆತ್ತನೆಯ ಮಾತು ಇದ್ದಿರಬಹುದು. ನಾವು ‘ಕಣ್ಮರೆಯಾದರು’ ಎನ್ನುವುದಿಲ್ಲವೇ? ನಮ್ಮ ‘ಮರೆ’ ದ್ರಾವಿಡ ಪದ, ಅದಕ್ಕೂ ಇದಕ್ಕೂ ರಕ್ತಸಂಬಂಧವಿಲ್ಲ. ಸಾವಿನ ಹೆಸರನ್ನು ನೇರವಾಗಿ ಎತ್ತಲು ಹಿಂಜರಿಯುವ ಮನಸ್ಸು ಮಾತ್ರ ಎರಡೂ ಕಡೆ ಒಂದೇ.

ಆ ಧಾತುವಿಗೆ ‘ತ’ ಸೇರಿ ಹುಟ್ಟಿದ ರೂಪ ಸಂಸ್ಕೃತದಲ್ಲಿ ‘ಮೃತ’ವಾಯಿತು, ಲ್ಯಾಟಿನ್ನಿನಲ್ಲಿ ‘ಮೋರ್ತ್’ ಆಯಿತು. ಸಂಸ್ಕೃತದ ‘ಋ’ ಇರುವ ಜಾಗದಲ್ಲಿ ಲ್ಯಾಟಿನ್ ‘ಓರ್’ ಇಡುವುದು ನಿಯಮಬದ್ಧವಾದ ಬದಲಾವಣೆ. ಎಸ್ಪೆರಾಂಟೊಗೆ ಲ್ಯಾಟಿನ್ ವಂಶದಿಂದ ಬಂದ ಬೇರೆ ಪದಗಳಲ್ಲೂ ಇದನ್ನು ಪರೀಕ್ಷಿಸಬಹುದು. ಹೃದಯಕ್ಕೆ ಅಲ್ಲಿ ‘ಕೋರೊ’, ಕೊಂಬಿಗೆ ‘ಕೋರ್ನೊ’. ಹೃದ್ ಮತ್ತು ಕೋರ್, ಶೃಂಗ ಮತ್ತು ಕೋರ್ನ್, ಮೃತ ಮತ್ತು ಮೋರ್ತ್. ಮೂರು ಕಡೆಯೂ ‘ಋ’ಗೆ ಎದುರಾಗಿ ‘ಓರ್’. ಎರಡು ಪದಗಳು ಬಂಧುಗಳು ಎನ್ನಲು ಇಂಥ ಮರುಕಳಿಸುವ ನಿಯಮ ಬೇಕು. ಕಿವಿಗೆ ಒಂದೇ ತರಹ ಕೇಳಿಸಿದರೆ ಸಾಲದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹೆಣಕ್ಕೆ ಎಸ್ಪೆರಾಂಟೊ ಪದ ‘ಕಡಾವ್ರೊ’. ಕೇಳಿದೊಡನೆ ನಮ್ಮ ‘ಕಳೇಬರ’ ನೆನಪಾಗುತ್ತದೆ. ಅರ್ಥವೂ ಅದೇ, ಸದ್ದೂ ಹತ್ತಿರ. ಆದರೂ ಇವು ಬಂಧುಗಳು ಎನ್ನಲು ಆಧಾರವಿಲ್ಲ. ಕಡಾವ್ರೊ ಬಂದದ್ದು ಲ್ಯಾಟಿನ್ನಿನ ‘ಕಡಾವೆರ್’ ಪದದಿಂದ, ಅದು ಬೀಳು ಎಂಬರ್ಥದ ‘ಕಡೆರೆ’ಯಿಂದ. ಬಿದ್ದದ್ದು, ಒರಗಿದ್ದು ಎಂದು ಅರ್ಥ. ಕಳೇಬರ ಸಂಸ್ಕೃತದಿಂದ ಬಂದದ್ದು, ಮೊದಲಿಗೆ ಬರೀ ದೇಹ ಎಂಬರ್ಥದಲ್ಲೂ ಬಳಕೆಯಾಗುತ್ತಿದ್ದದ್ದು. ಸದ್ದು ನೋಡಿ ಪದ ಬಿಡಿಸುವ ಚಟ ಯುರೋಪಿನವರಿಗೂ ಇತ್ತು. ಮಧ್ಯಯುಗದಲ್ಲಿ ‘ಹುಳುಗಳಿಗೆ ಕೊಟ್ಟ ಮಾಂಸ’ ಎಂಬರ್ಥದ ಮೂರು ಲ್ಯಾಟಿನ್ ಪದಗಳ ಮೊದಲಕ್ಷರಗಳು ಸೇರಿ ‘ಕ-ಡ-ವೆರ್’ ಆಯಿತು ಎಂದು ಹೇಳಿಕೊಳ್ಳುತ್ತಿದ್ದರು. ಸೊಗಸಾದ ಕಥೆ, ಆದರೆ ಸುಳ್ಳು. ಕುತೂಹಲದ ಸಂಗತಿಯೊಂದಿದೆ. 1878ರಲ್ಲಿ, ಇನ್ನೂ ಶಾಲಾ ಹುಡುಗನಾಗಿದ್ದಾಗ, ಜಾಮೆನ್‌ಹಾಫ್ ಕಟ್ಟಿದ ಮೊದಲ ಕರಡು ಭಾಷೆಯಲ್ಲಿ ಬೀಳು ಎಂಬುದಕ್ಕೆ ಈ ‘ಕಡ್’ ಧಾತುವೇ ಇತ್ತು. ಜನಾಂಗಗಳ ಹಗೆಯೇ ಬೀಳು, ಬೀಳು ಎಂದು ಆ ಕರಡು ಭಾಷೆಯಲ್ಲಿ ಅವರು ಬರೆದ ಹಾಡೊಂದು ಕರೆ ಕೊಡುತ್ತದೆ. ಇಂದಿನ ಎಸ್ಪೆರಾಂಟೊದಲ್ಲಿ ಬೀಳುವುದಕ್ಕೆ ‘ಫಾಲಿ’ ಬಂದು ಕೂತಿದೆ. ಹಾಗಾಗಿ ಕಡಾವ್ರೊ ಪದದೊಳಗೆ ‘ಬೀಳು’ ಅಡಗಿದೆ ಎಂಬುದು ಆ ಭಾಷೆಯವರಿಗೇ ಈಗ ಕಾಣುವುದಿಲ್ಲ.

ಮತ್ತೆ ‘ಮೆರ್’ ಧಾತುವಿಗೆ ಬರೋಣ. ಅದು ಕನ್ನಡಕ್ಕೆ ಬಂದ ದಾರಿಗಳ ವೈವಿಧ್ಯ ದೊಡ್ಡದು. ಸಂಸ್ಕೃತದಿಂದ ಮರಣ, ಮೃತ್ಯು, ಅಮರ, ಅಮೃತ, ಮಾರಕ ಬಂದವು, ವಚನಕಾರರು ಮತ್ತೆ ಮತ್ತೆ ಬಳಸಿದ ‘ಮರ್ತ್ಯಲೋಕ’ವೂ ಬಂತು. ಮರ್ತ್ಯ ಎಂದರೆ ಸಾವುಳ್ಳವನು, ಅಂದರೆ ಮನುಷ್ಯ. ಹಳಗನ್ನಡದವರು ಮೃತ್ಯುವನ್ನು ತಮ್ಮ ನಾಲಿಗೆಗೆ ಒಗ್ಗಿಸಿ ‘ಮಿೞ್ತು’ ಮಾಡಿದರು, ಅದು ಮುಂದೆ ‘ಮಿತ್ತು’ ಆಯಿತು. ಪರ್ಷಿಯನ್ನಿನಿಂದ ಉರ್ದುವಿನ ಮೂಲಕ ಘೋಷಣೆಯಾಗಿ ಬಂದದ್ದು ‘ಮುರ್ದಾಬಾದ್’. ‘ಮುರ್ದಾ’ ಎಂದರೆ ಸತ್ತ. ಅದರ ಜೋಡಿ ‘ಜಿಂದಾಬಾದ್’ನಲ್ಲಿರುವ ಜಿಂದಾ ನಮ್ಮ ‘ಜೀವ’ದ ಬಂಧು. ಇಂಗ್ಲಿಷಿನಿಂದ ಮರ್ಡರ್, ಮಾರ್ಚುರಿ ಬಂದವು, ಬ್ಯಾಂಕಿನವರು ಹೇಳುವ ಮಾರ್ಟ್‌ಗೇಜ್ ಕೂಡ ಬಂತು. ಮಾರ್ಟ್‌ಗೇಜ್ ಎಂದರೆ ಹಳೆಯ ಫ್ರೆಂಚಿನಲ್ಲಿ ‘ಸತ್ತ ಒತ್ತೆ’. ಗ್ರೀಕರ ದೇವತೆಗಳು ಉಣ್ಣುತ್ತಿದ್ದ ‘ಅಂಬ್ರೋಸಿಯಾ’ ಕೂಡ ಇದೇ ಮನೆಯದು. ‘ಅ-ಮೃತ’ ಮತ್ತು ‘ಅಂ-ಬ್ರೊತ’ ಒಂದೇ ಪದದ ಎರಡು ರೂಪಗಳು. ಸಾವಿಲ್ಲದವರ ಆಹಾರಕ್ಕೆ ನಾವೂ ಗ್ರೀಕರೂ ಒಂದೇ ಧಾತುವಿನಿಂದ ಹೆಸರಿಟ್ಟಿದ್ದೇವೆ ಎಂಬುದು ನನಗಂತೂ ಎಷ್ಟು ಸಲ ಓದಿದರೂ ಮೈನವಿರೇಳಿಸುವ ಸಂಗತಿ.

ಇಷ್ಟಾದರೂ ‘ಸಾವು’ ಮಾತ್ರ ಈ ಮನೆತನಕ್ಕೆ ಸೇರಿದ್ದಲ್ಲ. ಸಾಯು, ಸತ್ತ, ಸಾವು ಇವು ಅಪ್ಪಟ ದ್ರಾವಿಡ. ತಮಿಳಿನ ‘ಸಾವು’, ತೆಲುಗಿನ ‘ಚಾವು’ ಅದರ ಒಡಹುಟ್ಟಿದವು.

ಎಸ್ಪೆರಾಂಟೊದೊಳಗೇ ‘ಮೆರ್’ ಎರಡು ಬಾಗಿಲಿನಿಂದ ಒಳಬಂದಿದೆ. ಒಂದು ಲ್ಯಾಟಿನ್ ಬಾಗಿಲು, ಮೋರ್ತಿ. ಇನ್ನೊಂದು ಜರ್ಮಾನಿಕ್ ಬಾಗಿಲು, ‘ಮೂರ್ದಿ’, ಅಂದರೆ ಕೊಲೆ ಮಾಡು. ಇಂಗ್ಲಿಷಿನ ಮರ್ಡರ್, ಜರ್ಮನ್‌ನ ಮೋರ್ಡ್ ಇದಕ್ಕೆ ಮೂಲ. ಮೂರ್ದಿ ಎಂದರೆ ಬೇಕೆಂದೇ, ಅನ್ಯಾಯವಾಗಿ ಕೊಲ್ಲುವುದು. ಬರೀ ಸಾಯಿಸುವುದಕ್ಕೆ ಬೇರೆ ಪದವಿದೆ. ಕನ್ನಡ ಓದುಗರಿಗೆ ಎಸ್ಪೆರಾಂಟೊ ತೀರ ಹತ್ತಿರವಾಗುವುದು ಇಲ್ಲಿಯೇ.

ಇಂಗ್ಲಿಷಿನಲ್ಲಿ ‘ಡೈ’ ಬೇರೆ, ‘ಕಿಲ್’ ಬೇರೆ. ಫ್ರೆಂಚಿನಲ್ಲಿ ‘ಮೂರಿರ್’ ಬೇರೆ, ‘ಟ್ಯುಯೆ’ ಬೇರೆ. ಒಂದಕ್ಕೊಂದು ಸಂಬಂಧವಿಲ್ಲ, ಎರಡನ್ನೂ ಕಲಿಯಬೇಕು. ಕನ್ನಡದಲ್ಲಿ ‘ಸಾಯು’ಗೆ ‘ಇಸು’ ಸೇರಿಸಿದರೆ ‘ಸಾಯಿಸು’. ಎಸ್ಪೆರಾಂಟೊದಲ್ಲಿ ‘ಮೋರ್ತ್’ಗೆ ‘ಇಗ್’ ಸೇರಿಸಿದರೆ ‘ಮೋರ್ತೀಗಿ’, ಸಾಯಿಸು. ಮಾಡಿಸು, ಓಡಿಸು, ಕಲಿಸು ಎಂಬಲ್ಲಿ ನಮ್ಮ ‘ಇಸು’ ಮಾಡುವ ಕೆಲಸವನ್ನೇ ಆ ‘ಇಗ್’ ಮಾಡುತ್ತದೆ. ಪದಗಳ ರಕ್ತ ಯುರೋಪಿನದು, ಪದ ಕಟ್ಟುವ ರೀತಿ ಕನ್ನಡದಂತೆ ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸುತ್ತ ಹೋಗುವುದು. ಜಾಮೆನ್‌ಹಾಫ್‌ಗೆ ಕನ್ನಡ ಗೊತ್ತಿರಲಿಲ್ಲ, ಆದರೂ ಕಲಿಯಲು ಸುಲಭವಾಗಿರಲಿ ಎಂಬ ಹಂಬಲ ಅವರನ್ನು ಈ ದಾರಿಗೆ ತಂದಿತು. ‘ಸೆನ್’ ಎಂದರೆ ಇಲ್ಲದೆ. ‘ಸೆನ್‌ಮೋರ್ತಾ’ ಎಂದರೆ ಸಾವಿಲ್ಲದ, ಅಮರ. ‘ಎಮ್’ ಎಂಬುದು ಸ್ವಭಾವ ಸೂಚಿಸುವ ಪ್ರತ್ಯಯ, ‘ಮೋರ್ತೇಮಾ’ ಎಂದರೆ ಸಾಯುವ ಸ್ವಭಾವದ, ಮರ್ತ್ಯ. ‘ಬಾತಿ’ ಎಂದರೆ ಹೊಡೆ, ‘ಮೋರ್ತ್‌ಬಾತಿ’ ಎಂದರೆ ಸಾಯುವಂತೆ ಹೊಡೆ.

ಅಂಟಿಸುವ ಭಾಷೆಗೆ ಅದರದೇ ಆದ ತೊಡಕುಗಳೂ ಉಂಟು. ‘ಎರ್’ ಎಂದರೆ ಕಣ, ಬಿಡಿ ತುಣುಕು. ಮರಳಿಗೆ ‘ಸಾಬ್ಲೊ’, ಮರಳಿನ ಕಣಕ್ಕೆ ‘ಸಾಬ್ಲೇರೊ’. ಹಾಗಾದರೆ ‘ಮೋರ್ತೇರೊ’ ಎಂದರೆ ಸಾವಿನ ಕಣವೇ? ಅಲ್ಲ, ಅದು ಇಟ್ಟಿಗೆ ಕಟ್ಟುವ ಗಾರೆ. ಬೇರೆ ಮೂಲದಿಂದ ಬಂದು ಆಕಸ್ಮಿಕವಾಗಿ ಅದೇ ಆಕಾರ ತಾಳಿದೆ. ಸಂದರ್ಭ ನೋಡಿಯೇ ಬಿಡಿಸಿಕೊಳ್ಳಬೇಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕಾಲದ ಪ್ರತ್ಯಯಗಳು. ನಾವು ಸತ್ತವನು, ಸಾಯುತ್ತಿರುವವನು, ಸಾಯಲಿರುವವನು ಎಂದು ಮೂವರನ್ನು ಬೇರೆ ಮಾಡುತ್ತೇವೆ. ಎಸ್ಪೆರಾಂಟೊದಲ್ಲಿ ‘ಮೋರ್ತಿಂತೊ’, ‘ಮೋರ್ತಾಂತೊ’, ‘ಮೋರ್ತೋಂತೊ’. ‘ಇಂತ್’ ಆಗಿಹೋದದ್ದಕ್ಕೆ, ‘ಆಂತ್’ ಆಗುತ್ತಿರುವುದಕ್ಕೆ, ‘ಓಂತ್’ ಆಗಬೇಕಾದದ್ದಕ್ಕೆ. ಹೊಸದಾಗಿ ಕಲಿಯುವವರು ‘ಸತ್ತ’ ಎನ್ನಲು ‘ಮೋರ್ತಾ’ ಎಂದುಬಿಡುತ್ತಾರೆ, ಇಂಗ್ಲಿಷಿನ ‘ಡೆಡ್’, ಫ್ರೆಂಚಿನ ‘ಮೋರ್’ ಅವರ ತಲೆಯಲ್ಲಿ ಇರುತ್ತವೆ. ತಿಳಿದವರು ತಿದ್ದುತ್ತಾರೆ. ‘ಮೋರ್ತ್’ ಮೂಲದಲ್ಲಿ ಒಂದು ಕ್ರಿಯೆ. ಅದಕ್ಕೆ ಗುಣವಾಚಕದ ‘ಆ’ ಹಚ್ಚಿದರೆ ‘ಸಾವಿನ’ ಎಂದಾಗುತ್ತದೆ, ‘ಸತ್ತ’ ಎಂದಲ್ಲ. ಸ್ಮಶಾನ ಮೌನಕ್ಕೆ ‘ಮೋರ್ತಾ’ ಸರಿ. ಸತ್ತ ಮನುಷ್ಯನಿಗೆ ‘ಮೋರ್ತಿಂತಾ’ ಬೇಕು. ಈ ತಪ್ಪು ಕನ್ನಡಿಗರಿಂದ ಆಗುವ ಸಂಭವ ಕಡಿಮೆ, ನಮ್ಮಲ್ಲಿ ‘ಸಾವಿನ ಮನೆ’ ಮತ್ತು ‘ಸತ್ತವರ ಮನೆ’ ಈಗಾಗಲೇ ಬೇರೆ ಬೇರೆ.

ಆ ‘ಆಂತ್’ ಪ್ರತ್ಯಯವನ್ನು ಇನ್ನೊಮ್ಮೆ ನೋಡಿ. ‘ಎಸ್ಪೇರಿ’ ಎಂದರೆ ಆಶಿಸು, ‘ಎಸ್ಪೆರಾಂತೊ’ ಎಂದರೆ ಆಶಿಸುತ್ತಿರುವವನು. ಭಾಷೆಯ ಹೆಸರೂ ‘ಮೋರ್ತಾಂತೊ’ ಎಂಬ ಪದವೂ ಒಂದೇ ಎರಕದಲ್ಲಿ ಮೂಡಿದವು. ಬದುಕು ಎಂಬುದಕ್ಕೆ ‘ವೀವಿ’, ಬದುಕಿರುವವನು ‘ವಿವಾಂತೊ’. ಇದನ್ನು ನಮ್ಮ ‘ಜೀವಂತ’ದ ಪಕ್ಕ ಇಡಿ. ಲ್ಯಾಟಿನ್ನಿನ ‘ವೀವ್’ ಮತ್ತು ಸಂಸ್ಕೃತದ ‘ಜೀವ್’ ಒಂದೇ ಧಾತು. ‘ಆಂತ್’ ಲ್ಯಾಟಿನ್ನಿನ ವರ್ತಮಾನ ಕೃದಂತದಿಂದ ಬಂದದ್ದು, ಸಂಸ್ಕೃತದ ‘ಜೀವಂತ್’ನಲ್ಲಿರುವ ‘ಅಂತ್’ ಅದರ ತಮ್ಮ. ಧಾತುವಿಗೆ ಧಾತು, ಪ್ರತ್ಯಯಕ್ಕೆ ಪ್ರತ್ಯಯ, ಅರ್ಥಕ್ಕೆ ಅರ್ಥ. ವಾರ್ಸಾದಲ್ಲಿ ಕಟ್ಟಿದ ಪದವೊಂದು ಕನ್ನಡದಲ್ಲಿ ದಿನನಿತ್ಯ ಬಳಸುವ ಪದಕ್ಕೆ ಇಷ್ಟು ಪೂರ್ಣವಾಗಿ ಹೊಂದುವುದು ಅಪರೂಪ.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಎಸ್ಪೆರಾಂಟೊ ವಿರುದ್ಧಾರ್ಥಕ್ಕೆ ಹೊಸ ಧಾತು ಕೊಡಲು ಬಹಳ ಜಿಪುಣ. ‘ಮಾಲ್’ ಎಂಬ ಉಪಸರ್ಗ ಹಚ್ಚಿದರೆ ಅರ್ಥ ತಲೆಕೆಳಗಾಗುತ್ತದೆ. ದೊಡ್ಡದು ‘ಗ್ರಾಂಡಾ’, ಚಿಕ್ಕದು ‘ಮಾಲ್‌ಗ್ರಾಂಡಾ’. ಎಳೆಯ ‘ಯೂನಾ’, ಮುದಿ ‘ಮಾಲ್‌ಯೂನಾ’. ಎಡಗಡೆಗೂ ಸ್ವಂತ ಪದವಿಲ್ಲ, ಅದು ಬಲದ ‘ಮಾಲ್’. ಹೀಗಿರುವಾಗ ಬದುಕಿನ ‘ಮಾಲ್’ ಎಂದು ಸಾವನ್ನು ಕರೆದುಬಿಡಬಹುದಿತ್ತು. ‘ಮಾಲ್‌ವೀವಾ’, ಅಂದರೆ ಜೀವವಿಲ್ಲದ, ಎಂಬ ಪದ ಬಳಕೆಯಲ್ಲಿ ಇದೆ ಕೂಡ. ಆದರೂ ಸಾವಿಗೆ ಮೊದಲಿನಿಂದಲೂ ಸ್ವಂತ ಧಾತು ಸಿಕ್ಕಿದೆ. ಅದು ಸರಿಯಾದ ನಿರ್ಧಾರ ಎಂದೇ ನನ್ನ ನಂಬಿಕೆ. ಚಿಕ್ಕದು ದೊಡ್ಡದರ ಇನ್ನೊಂದು ತುದಿ. ಸಾಯುವುದು ಹಾಗಲ್ಲ, ಅದೊಂದು ಘಟನೆ. ಆಗುವ ಗಳಿಗೆ ಇದೆ, ಆದ ಮೇಲಿನ ಸ್ಥಿತಿ ಇದೆ. ‘ಇಂತ್’, ‘ಆಂತ್’, ‘ಓಂತ್’ ಮೂರನ್ನೂ ಹೊರಬಲ್ಲ ಧಾತುವೇ ಅದಕ್ಕೆ ಬೇಕು. 1894ರಲ್ಲೇ ಜಾಮೆನ್‌ಹಾಫ್ ಹ್ಯಾಮ್ಲೆಟ್ ನಾಟಕವನ್ನು ಅನುವಾದಿಸಿ ತಮ್ಮ ಭಾಷೆಯನ್ನು ಒರೆಗೆ ಹಚ್ಚಿದರು. ಸಾಯುವುದೆಂದರೆ ಮಲಗುವುದೇ ಎಂದು ರಾಜಕುಮಾರ ತನ್ನಲ್ಲೇ ಕೇಳಿಕೊಳ್ಳುವ ಕಡೆ ‘ಮೋರ್ತಿ’ಯ ಪಕ್ಕದಲ್ಲಿ ‘ದೋರ್ಮಿ’ ಬಂದು ನಿಲ್ಲುತ್ತದೆ. ಎರಡರಲ್ಲೂ ನಡುವೆ ಅದೇ ‘ಓರ್’. ದೋರ್ಮಿಯ ಲ್ಯಾಟಿನ್ ಮೂಲವಂತೂ ನಮ್ಮ ‘ನಿದ್ರೆ’ಯಲ್ಲಿರುವ ‘ದ್ರಾ’ ಧಾತುವಿನ ಬಂಧು.

ಶವಪೆಟ್ಟಿಗೆಗೆ ‘ಚೇರ್ಕೊ’ ಎಂಬ ಪದವಿದೆ, ಇದರ ಹಿಂದಿನ ಕಥೆ ಬೇರೆಯೇ ಬಣ್ಣದ್ದು. ಇಂದಿನ ತುರ್ಕಿಯ ವಾಯವ್ಯ ಕರಾವಳಿಯಲ್ಲಿ ಅಸ್ಸೋಸ್ ಎಂಬ ಪ್ರಾಚೀನ ಗ್ರೀಕ್ ಪಟ್ಟಣವಿತ್ತು. ಅಲ್ಲಿ ಸಿಗುವ ಒಂದು ಬಗೆಯ ಕಲ್ಲಿನಲ್ಲಿ ಹೆಣ ಇಟ್ಟರೆ ಹಲ್ಲು ಬಿಟ್ಟು ಉಳಿದದ್ದೆಲ್ಲ 40 ದಿನಗಳಲ್ಲಿ ಕರಗಿಹೋಗುತ್ತದೆ ಎಂದು ರೋಮಿನ ಪ್ಲಿನಿ ಮೊದಲ ಶತಮಾನದಲ್ಲಿ ಬರೆದ. ಗ್ರೀಕರು ಅದನ್ನು ‘ಸಾರ್ಕೊಫಾಗೊಸ್’ ಎಂದರು: ಸಾರ್ಕ್ಸ್ ಎಂದರೆ ಮಾಂಸ, ಫಾಗ್ ಎಂದರೆ ತಿನ್ನು, ಮಾಂಸ ತಿನ್ನುವ ಕಲ್ಲು. ಕಲ್ಲಿನ ಹೆಸರು ಕಲ್ಲಿನ ಶವಪೆಟ್ಟಿಗೆಗೆ ಬಂತು, ಅಲ್ಲಿಂದ ಮರದ ಪೆಟ್ಟಿಗೆಗೂ ಹಬ್ಬಿತು. ಲ್ಯಾಟಿನ್ ಮೂಲಕ ಅದು ಜರ್ಮನ್‌ನಲ್ಲಿ ‘ಜಾರ್ಗ್’ ಆಗಿ, ಫ್ರೆಂಚಿನಲ್ಲಿ ಸವೆದು ‘ಸೆರ್ಕೈ’ ಆಗಿ ಉಳಿಯಿತು. ತಿನ್ನುವ ಭಾಗ ಪೂರ್ತಿ ಬಿದ್ದುಹೋಗಿ ಮಾಂಸವಷ್ಟೇ ಮಿಕ್ಕಿತು.

ಆ ‘ಸೆರ್ಕೈ’ಯೇ ಚೇರ್ಕೊ. ‘ಸ’ ಹೋಗಿ ‘ಚ’ ಬಂದದ್ದೇಕೆ? ಫ್ರೆಂಚಿನಲ್ಲಿ ‘ಸ್ಯೆಲ್’, ಇಟಾಲಿಯನ್ನಿನಲ್ಲಿ ‘ಚೇಲೊ’, ಆಕಾಶ, ಎಸ್ಪೆರಾಂಟೊದಲ್ಲಿ ‘ಚಿಯೇಲೊ’. ಫ್ರೆಂಚಿನಲ್ಲಿ ‘ಸೆಸ್ಸೆ’, ಇಟಾಲಿಯನ್ನಿನಲ್ಲಿ ‘ಚೆಸ್ಸಾರೆ’, ನಿಲ್ಲು, ಎಸ್ಪೆರಾಂಟೊದಲ್ಲಿ ‘ಚೇಸಿ’. ಫ್ರೆಂಚಿನ ಇಂಥ ‘ಸ’ಕ್ಕೆ ‘ಚ’ ಕೊಡುವ ಒಂದು ವಾಡಿಕೆ ಭಾಷೆಯಲ್ಲಿ ಕಾಣುತ್ತದೆ, ಚೇರ್ಕೊ ಆ ಸಾಲಿಗೆ ಹೊಂದುತ್ತದೆ. ಜರ್ಮನ್ ರೂಪದ ಹತ್ತಿರಕ್ಕೆ ಹೋಗಿ ‘ಸಾರ್ಕೊ’ ಎಂದಿದ್ದರೆ ಕಳೆ ಕೀಳು ಎಂಬರ್ಥದ ‘ಸಾರ್ಕಿ’ಯ ಜೊತೆ ಡಿಕ್ಕಿಯಾಗುತ್ತಿತ್ತು. ಗೋರಿಗಿರುವ ‘ತೋಂಬೊ’ ಪದದಲ್ಲಿ ಇಷ್ಟೆಲ್ಲ ತಿರುವುಗಳಿಲ್ಲ. ಗ್ರೀಕರ ‘ತ್ಯುಂಬೊಸ್’, ಮಣ್ಣಿನ ದಿಬ್ಬ, ಲ್ಯಾಟಿನ್ನಿಗೆ ಬಂದು ಇಂಗ್ಲಿಷಿನ ‘ಟೂಂಬ್’, ಫ್ರೆಂಚಿನ ‘ತೋಂಬ್’ ಆಯಿತು.

ತೀರಿಕೊಂಡರು, ಹೋಗಿಬಿಟ್ಟರು, ಲಿಂಗೈಕ್ಯರಾದರು, ವೈಕುಂಠವಾಸಿಯಾದರು ಎಂಬ ನಮ್ಮ ಮಾತುಗಳಿಗೆ ಸಮನಾಗಿ ಎಸ್ಪೆರಾಂಟೊದವರು ‘ಫೋರ್‌ಪಾಸಿ’ ಎನ್ನುತ್ತಾರೆ, ದೂರ ಸಾಗಿಹೋಗು. ನಾಶವಾಗು, ಅಳಿದುಹೋಗು ಎಂಬುದಕ್ಕೆ ‘ಪೆರೇಯಿ’ ಇದೆ. ಇದರ ಮೂಲ ಲ್ಯಾಟಿನ್ನಿನ ‘ಪೆರ್-ಈರೆ’, ಹಾದುಹೋಗು. ‘ಈರೆ’ ಎಂದರೆ ಹೋಗು, ಎಸ್ಪೆರಾಂಟೊದಲ್ಲಿ ಇಂದಿಗೂ ಹೋಗುವುದಕ್ಕೆ ‘ಈರಿ’. ಆ ‘ಈ’ ಧಾತು ಸಂಸ್ಕೃತದಲ್ಲೂ ಇದೆ. ಅದಕ್ಕೆ ‘ಪ್ರ’ ಸೇರಿ, ‘ಪ್ರ-ಇತ’ ಆಗಿ, ಸಂಧಿಯಾದದ್ದೇ ‘ಪ್ರೇತ’. ಭೂತ-ಪ್ರೇತ ಎಂದು ಹೆದರಿಸಲು ಬಳಸುವ ಪದದ ಮೂಲ ಅರ್ಥ ‘ಮುಂದೆ ಹೋದವರು’ ಎಂದಷ್ಟೇ. ಇಂಗ್ಲಿಷಿನ ‘ಪೆರಿಶ್’, ಎಸ್ಪೆರಾಂಟೊದ ಪೆರೇಯಿ, ನಮ್ಮ ಪ್ರೇತ, ಮೂರರೊಳಗೂ ಇರುವ ಕ್ರಿಯೆ ಹೊರಟು ಹೋಗುವುದು.

ಉಳಿದವರಿಗೂ ಪದ ಬೇಕಲ್ಲ. ಗಂಡ ತೀರಿಕೊಂಡವಳಿಗೆ ಲ್ಯಾಟಿನ್‌ನಲ್ಲಿ ‘ವಿದುವಾ’, ಜರ್ಮನ್‌ನಲ್ಲಿ ‘ವಿಟ್ವೆ’, ಇಂಗ್ಲಿಷಿನಲ್ಲಿ ‘ವಿಡೊ’, ರಷ್ಯನ್‌ನಲ್ಲಿ ‘ವ್ದೊವಾ’, ಸಂಸ್ಕೃತದಲ್ಲಿ ‘ವಿಧವಾ’. ಮೋರ್ತೊಗಿಂತಲೂ ಹೆಚ್ಚು ಭಾಷೆಗಳಲ್ಲಿ ಹೆಚ್ಚು ಕಡಿಮೆ ಅಲುಗದೆ ಉಳಿದ ಪದ ಇದು. ಈ ಎಲ್ಲ ಭಾಷೆಗಳಲ್ಲೂ ಮೂಲಪದ ಹೆಂಗಸಿನದು. ಹೆಂಡತಿ ಸತ್ತವನಿಗೆ ಪದ ಬೇಕಾದಾಗ ಅದಕ್ಕೆ ಏನಾದರೂ ಸೇರಿಸಿಕೊಳ್ಳುತ್ತಾರೆ, ಇಂಗ್ಲಿಷಿನ ‘ವಿಡೊವರ್’ ಹಾಗೆ ಆದದ್ದು. ಎಸ್ಪೆರಾಂಟೊ ಇದನ್ನು ತಿರುಗಿಸಿತು. ಅಲ್ಲಿ ಬಂಧುವಾಚಕಗಳ ಮೂಲರೂಪ ಗಂಡಸಿನದು, ಅದಕ್ಕೆ ‘ಇನ್’ ಸೇರಿಸಿದರೆ ಹೆಂಗಸಿನದು. ಹಾಗಾಗಿ ‘ವೀದ್ವೊ’ ಎಂದರೆ ವಿಧುರ, ‘ವಿದ್ವೀನೊ’ ಎಂದರೆ ವಿಧವೆ. ಸಾವಿರಾರು ವರ್ಷ ಹೆಂಗಸರದ್ದಾಗಿದ್ದ ಪದ ವ್ಯಾಕರಣದ ಒಂದು ನಿಯಮದಿಂದ ಗಂಡಸಿನದಾಯಿತು.

ಸಂಸ್ಕೃತದಲ್ಲೂ ಈ ಪದಕ್ಕೆ ಹೀಗೊಂದು ತಿರುಗುಮುರುಗು ಆಗಿದೆ. ವಿಧವಾ ಎಂಬುದನ್ನು ‘ವಿ-ಧವಾ’ ಎಂದು ಬಿಡಿಸಿ, ಧವ ಎಂದರೆ ಗಂಡ, ಅವನಿಲ್ಲದವಳು ವಿಧವೆ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಭಾಷಾಶಾಸ್ತ್ರಜ್ಞರು ಹೇಳುವುದು ಇದರ ತದ್ವಿರುದ್ಧ. ಬೇರ್ಪಟ್ಟವಳು, ಒಂಟಿಯಾದವಳು ಎಂಬರ್ಥದ ಇಡೀ ಪದ ಮೊದಲು ಇತ್ತು. ಅದನ್ನು ಆಮೇಲೆ ತಪ್ಪಾಗಿ ಬಿಡಿಸಿದ್ದರಿಂದ ‘ಧವ’ ಎಂಬ ಗಂಡ ಹುಟ್ಟಿಕೊಂಡ. ಎಸ್ಪೆರಾಂಟೊದ ಗಂಡನೂ ಹೀಗೆಯೇ ಹುಟ್ಟಿದವನು ಎಂಬುದು ಸೋಜಿಗ. ಗಂಡನಿಗೆ ಅಲ್ಲಿ ‘ಎಡ್ಜೊ’, ಹೆಂಡತಿಗೆ ‘ಎಡ್ಜೀನೊ’. ಯುವರಾಣಿ ಎಂಬರ್ಥದ ಜರ್ಮನ್ ‘ಕ್ರೋನ್‌ಪ್ರಿಂಟ್ಸೆಸಿನ್’ ಪದದ ಬಾಲದಿಂದ ಮೊದಲು ‘ಎಡ್ಜೀನೊ’ವನ್ನು ಪಡೆದು, ಅದರಿಂದ ‘ಇನ್’ ಕಿತ್ತು ‘ಎಡ್ಜೊ’ ಮಾಡಿದೆ ಎಂದು ಜಾಮೆನ್‌ಹಾಫ್ ಸ್ವತಃ ಪತ್ರವೊಂದರಲ್ಲಿ ವಿವರಿಸಿದ್ದಾರೆ. ಯಹೂದಿ ಗುರುವಿನ ಹೆಂಡತಿಯನ್ನು ಕರೆಯುವ ಯಿಡ್ಡಿಶ್ ಪದವೂ ಅವರ ಕಿವಿಯಲ್ಲಿತ್ತು ಎಂದು ಹಲವರು ಸೇರಿಸುತ್ತಾರೆ.

ಎಲ್ಲ ಪದಗಳೂ ಗಂಡಸಿನಿಂದ ಶುರುವಾಗುವುದು ಸರಿಯೇ ಎಂದು ಎಸ್ಪೆರಾಂಟೊ ಆಡುವವರು ಬಹಳ ಕಾಲದಿಂದ ಚರ್ಚಿಸುತ್ತಿದ್ದಾರೆ. ‘ಇನ್’ಗೆ ಸಮನಾಗಿ ಗಂಡಸಿಗೆ ‘ಇಚ್’ ಎಂಬ ಪ್ರತ್ಯಯ ಇರಲಿ, ಮೂಲರೂಪ ಇಬ್ಬರಿಗೂ ಸಲ್ಲಲಿ ಎಂಬುದು ಒಂದು ಸಲಹೆ. ಹಾಗೆ ಮಾಡಿದರೆ ‘ವಿದ್ವೀಚೊ’ ವಿಧುರ, ‘ವಿದ್ವೀನೊ’ ವಿಧವೆ, ‘ವೀದ್ವೊ’ ಎಂದರೆ ಸಂಗಾತಿಯನ್ನು ಕಳೆದುಕೊಂಡ ಯಾರಾದರೂ. ಕೆಲವರು ಇದನ್ನು ಬಳಸುತ್ತಲೂ ಇದ್ದಾರೆ. ಬಹುಪಾಲು ಜನರ ಬಾಯಲ್ಲಿ ವೀದ್ವೊ ಇನ್ನೂ ಹೆಂಡತಿಯನ್ನು ಕಳೆದುಕೊಂಡವನೇ.